ಕಬ್ಬಿನ ಗಾಡಿ, ಬಾಯ್ದೆರೆದ ಬೋರು: ಮಕ್ಕಳ ಜೀವ ಇಷ್ಟು ಅಗ್ಗವೇ?

ಕಲ್ಲೋಳಿ: ಕಬ್ಬು ನುರಿಸುವ ಹಂಗಾಮು ಬಂತೆಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ರಸ್ತೆಗಳು ಜನರವಲ್ಲ, ಟ್ರ್ಯಾಕ್ಟರಿನವು. ಮುಂದೊಂದು ಇಂಜಿನ್ನು, ಹಿಂದೆ ಎರಡು ಟ್ರೇಲರು, ಮೇಲೆ ಆಳೆತ್ತರಕ್ಕೂ ಮಿಕ್ಕಿ ಒಟ್ಟಿದ ಕಬ್ಬು, ಸಾಲದ್ದಕ್ಕೆ ಕಿವಿ ಗಡಚಿಕ್ಕುವ ಹಾಡು. ಹಿಂದೆ ಬರುವವರು ಹಾರ್ನ್ ಹೊಡೆದರೆ ಡ್ರೈವರ ಮಹಾಶಯನಿಗೆ ಕೇಳಿಸುವುದಿಲ್ಲ. ಮಗು ಚೀರಿದರೆ ಕೇಳೀತೇ?

ಸಾಲಿ ಬಿಟ್ಟ ಹುಡುಗರು ಕಬ್ಬಿನ ಗಾಡಿಯ ಬೆನ್ನು ಹತ್ತಿ ಗಣಿಕೆ ಹಿರಿಯುವುದು ಈ ಭಾಗದ ಹಳೇ ಆಟ. ಚಕ್ಕಡಿಯ ಕಾಲಕ್ಕೆ ಅದು ಆಟವೇ ಆಗಿತ್ತು. ಎತ್ತು ಮೆಲ್ಲಗೆ ನಡೆಯುತ್ತಿದ್ದವು, ಗಾಡಿಯವ ಬಾರಕೋಲು ಎತ್ತಿ ಬೈದರೆ ಹುಡುಗರು ನಕ್ಕು ಓಡುತ್ತಿದ್ದರು. ಈಗಿನ ಲೆಕ್ಕ ಬೇರೆ. ಎರಡು ಟ್ರೇಲರ ನಡುವಿನ ಕೊಂಡಿಯ ಹತ್ತಿರ ಮಗು ಬಂದರೆ ಡ್ರೈವರನ ಕಣ್ಣಿಗೆ ಬೀಳುವುದೇ ಇಲ್ಲ. ಎಷ್ಟೋ ಟ್ರೇಲರಿಗೆ ಸ್ವಂತದ ಬ್ರೇಕೂ ಇಲ್ಲ. ಇಡೀ ಭಾರವನ್ನು ಮುಂದಿನ ಇಂಜಿನ್ನೇ ತಡೆಯಬೇಕು. ಇಳಿಜಾರಿನಲ್ಲಿ ಗಕ್ಕನೆ ತಡೆದರೆ ಹಿಂದಿನ ಟ್ರೇಲರು ಅಡ್ಡ ತಿರುಗುತ್ತದೆ. ಕೈಗೆ ಸಿಕ್ಕ ಕಬ್ಬು ಬರದೆ ಜಗ್ಗಿದಾಗ ಹುಡುಗ ಗಾಲಿಯ ಕಡೆಗೇ ವಾಲುತ್ತಾನೆ.

“ಹುಡುಗೂರು ಅಂದಮ್ಯಾಲೆ ಕಬ್ಬು ಎಳೀತಾವ, ಏನ್ ಮಾಡೂದ್ರಿ” ಎನ್ನುವವರಿಗೆ ಒಂದು ಸುಲಭ ಉಪಾಯವಿದೆ. ಹಂಗಾಮು ಇರುವ ತನಕ ವಾರಕ್ಕೊಂದು ಹೊರೆ ಕಬ್ಬನ್ನು ರೈತರು ಪಾಳಿ ಹಚ್ಚಿ ಸಾಲಿಗೆ ಹಾಕಲಿ. ಟನ್ನುಗಟ್ಟಲೆ ಕಬ್ಬು ಫ್ಯಾಕ್ಟರಿಗೆ ಹೋಗುವಾಗ ಊರ ಹುಡುಗರ ಬಾಯಿಗೊಂದು ತುಂಡು ಸಿಕ್ಕರೆ ಯಾರ ಗಂಟೂ ಹೋಗದು. ಟ್ರೇಲರ ಹಿಂದೆ ರಾತ್ರಿ ಹೊಳೆಯುವ ಕೆಂಪು ಪಟ್ಟಿ ಇಲ್ಲದ ಗಾಡಿಯನ್ನು ತೂಕದ ಕಾಟಾಕ್ಕೆ ಬಿಡುವುದಿಲ್ಲ ಎಂದು ಫ್ಯಾಕ್ಟರಿಯವರು ಹಟ ಹಿಡಿದರೆ ಮಾತ್ರ ಆ ಪಟ್ಟಿ ಬಂದೀತು. ಪೊಲೀಸರ ದಂಡದಿಂದ ಬರುವುದಲ್ಲ.

ಸೈಕಲ್ ಮೋಟಾರದ ಮೇಲೆ ಅಪ್ಪ, ಅವ್ವ, ಟಾಕಿಯ ಮೇಲೆ ಒಂದು, ನಡುವೆ ಒಂದು; ಸಂತೆಯ ದಿನ ಈ ಮೆರವಣಿಗೆ ನೋಡಬೇಕು. ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಕೂಸಿಗೆ ಹೆಲ್ಮೆಟ್ಟು, ಸವಾರನಿಗೆ ಬಿಗಿಯುವ ಪಟ್ಟಿ, ವೇಗ 40 ಕಿಲೋಮೀಟರ್ ಮೀರಬಾರದು ಎಂದು ಕೇಂದ್ರ ಸರಕಾರ 2022ರಲ್ಲೇ ನಿಯಮ ಮಾಡಿದೆ, 2023ರ ಫೆಬ್ರುವರಿಯಿಂದ ಜಾರಿಯೂ ಆಗಿದೆ. ಕಾಗದದ ಮೇಲೆ! ಇನ್ನು ಮೀಸೆ ಮೂಡದ ಮಗ ಟ್ರ್ಯಾಕ್ಟರ್ ಹೊಡೆದರೆ ಅಪ್ಪನಿಗೆ ಹೆಮ್ಮೆ. ಅಪಘಾತವಾದರೆ 2019ರ ತಿದ್ದುಪಡಿಯ ಪ್ರಕಾರ ಅದೇ ಅಪ್ಪನಿಗೆ 25,000 ರೂಪಾಯಿ ದಂಡ, ಮೂರು ವರ್ಷದ ತನಕ ಸೆರೆವಾಸ.

ರಸ್ತೆಯ ಗಂಡಾಂತರವಾದರೂ ಸಪ್ಪಳ ಮಾಡಿಕೊಂಡು ಬರುತ್ತದೆ. ಹೊಲದ ಗಂಡಾಂತರಕ್ಕೆ ಸಪ್ಪಳವಿಲ್ಲ.

2017ರ ಏಪ್ರಿಲ್‌ನಲ್ಲಿ ಇದೇ ಜಿಲ್ಲೆಯ ಅಥಣಿ ತಾಲೂಕಿನ ಝುಂಜರವಾಡದಲ್ಲಿ ಆರು ವರ್ಷದ ಹುಡುಗಿ ತೆರೆದ ಬೋರಿನಲ್ಲಿ ಬಿದ್ದಳು. ಎರಡು ದಿನ ದಾಟಿ, ಐವತ್ತು ತಾಸಿಗೂ ಮಿಕ್ಕಿ ಮಗ್ಗಲಿಗೆ ಅಗೆದರೂ ಸಿಕ್ಕದ್ದು ಹೆಣ. ಬಾಗಲಕೋಟೆ ಜಿಲ್ಲೆಯ ಸೂಳಿಕೇರಿಯಲ್ಲಿ 2014ರಲ್ಲಿ ಬಿದ್ದ ಬಾಲಕನೂ ಬದುಕಲಿಲ್ಲ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲೂಕಿನ ಲಚ್ಯಾಣದಲ್ಲಿ ಬಿದ್ದ ಎರಡು ವರ್ಷದೊಳಗಿನ ಕೂಸು ಮಾತ್ರ ಸುಮಾರು ಇಪ್ಪತ್ತು ತಾಸಿನ ಮೇಲೆ ಜೀವಂತ ಹೊರಬಂತು. ಅದು ಬಹಳ ಆಳಕ್ಕೆ ಇಳಿದಿರಲಿಲ್ಲ. ಅದೃಷ್ಟ ಎನ್ನಬೇಕು. ಅದೃಷ್ಟದ ಮೇಲೆ ಊರು ನಡೆಸಲಾದೀತೇ?

ಇದು ಆಗುವ ರೀತಿ ಎಲ್ಲರಿಗೂ ಗೊತ್ತಿದ್ದದ್ದೇ. ಬೋರು ಹೊಡೆಸುತ್ತಾರೆ, ನೀರು ಬೀಳುವುದಿಲ್ಲ. ಸಾಲ ಮಾಡಿದ ರೈತ ಕೇಸಿಂಗ್ ಪೈಪಾದರೂ ಉಳಿಯಲಿ ಎಂದು ಕಿತ್ತುಕೊಳ್ಳುತ್ತಾನೆ. ಅವನ ಸಂಕಟವೂ ಸಣ್ಣದಲ್ಲ. ಆದರೆ ಪೈಪು ಹೋದ ಮೇಲೆ ಬಾಯಿಯ ಮಣ್ಣು ಕುಸಿದು ಗೇಣಗಲದ ತೂತು ಅಗಲವಾಗುತ್ತದೆ. ಅದರ ಮೇಲೊಂದು ಗೋಣಿಚೀಲ, ಚೀಲದ ಮೇಲೊಂದು ಕಲ್ಲು. ಮಳೆಗೆ ಚೀಲ ಕೊಳೆಯುತ್ತದೆ, ಕಲ್ಲನ್ನು ಯಾರೋ ಬದುವಿಗೆ ಒಯ್ಯುತ್ತಾರೆ, ಸುತ್ತ ಹುಲ್ಲು ಬೆಳೆಯುತ್ತದೆ. ಮುಂದಿನದು ಟಿ.ವಿ.ಯವರ ಪಾಲು.

ಸುಪ್ರೀಂ ಕೋರ್ಟು 2010ರ ಫೆಬ್ರುವರಿಯಲ್ಲಿ ಹೇಳಿದ್ದು ಸ್ಪಷ್ಟವಾಗಿದೆ. ಕೊರೆಯುವ ಹದಿನೈದು ದಿನ ಮೊದಲು ಬರೆದು ತಿಳಿಸಬೇಕು. ಸುತ್ತ ಮುಳ್ಳುತಂತಿ, ಕೇಸಿಂಗಿಗೆ ಸಿಮೆಂಟಿನ ಕಟ್ಟೆ, ಬಾಯಿಗೆ ಬೆಸುಗೆ ಹಾಕಿದ ಇಲ್ಲವೇ ಬೋಲ್ಟು ಬಿಗಿದ ಮುಚ್ಚಳ ಬೇಕು. ಪಂಪು ಎತ್ತಿದಾಗಲೂ ಬಾಯಿ ತೆರೆದಿಡಬಾರದು. ಕೆಟ್ಟ ಬೋರನ್ನು ತಳದಿಂದ ನೆಲಮಟ್ಟದ ತನಕ ಮಣ್ಣು, ಉಸುಕು, ಕಲ್ಲಿನಿಂದ ತುಂಬಬೇಕು. ಕೊರೆದಾಗ ಬಂದ ಪುಡಿಗಲ್ಲೇ ಪಕ್ಕದಲ್ಲಿ ಗುಡ್ಡೆಯಾಗಿ ಬಿದ್ದಿರುತ್ತದೆ. ಅದನ್ನು ಮರಳಿ ತಳ್ಳಲು ಯಾವ ಗ್ರ್ಯಾಂಟು ಬೇಕು?

ಕಬ್ಬು ಕಡಿಯಲು ಬರುವ ಗ್ಯಾಂಗಿನವರ ಮಕ್ಕಳ ಹೆಸರನ್ನು ಯಾರೂ ಎತ್ತುವುದಿಲ್ಲ. ನಸುಕಿನಲ್ಲಿ ತಾಯಿ ಕೊಯ್ತಾ ಹಿಡಿದು ಹೊಲಕ್ಕಿಳಿದರೆ ಕೂಸು ಬದುವಿನಲ್ಲಿ ರವದಿಯ ಮೇಲೆ ಮಲಗಿರುತ್ತದೆ. ಅಲ್ಲೇ ಟ್ರ್ಯಾಕ್ಟರು ಹಿಂದಕ್ಕೆ ಬರುವುದು, ಅಲ್ಲೇ ಹಾವು ಹರಿಯುವುದು. ಗ್ಯಾಂಗ್ ಇಳಿದ ಊರಿನ ಅಂಗನವಾಡಿ ಆ ಮಕ್ಕಳನ್ನು ಹಗಲು ಕೂಡಿಸಿಕೊಳ್ಳಬೇಕು, ಲಸಿಕೆ ಬಾಕಿ ಇದ್ದರೆ ಹಾಕಿಸಬೇಕು. “ಅವರು ನಮ್ಮೂರವರಲ್ಲ” ಎಂಬ ಮಾತು ಕಬ್ಬು ಕಡಿಸುವಾಗ ಯಾರ ಬಾಯಿಂದಲೂ ಬರುವುದಿಲ್ಲವಲ್ಲ! ಹಾವು ಕಡಿದರೆ ಮಂತ್ರ, ಬೇರು ಎಂದು ತಾಸು ಕಳೆಯದೆ 108ಕ್ಕೆ ಫೋನ್ ಮಾಡಬೇಕು. ಮದ್ದು ಇರುವುದು ದವಾಖಾನೆಯಲ್ಲಿ.

ಮನೆಯೊಳಗೂ ಒಂದು ಮಾತು. ಬೆಳೆಗೆ ಹೊಡೆಯುವ ಎಣ್ಣೆಯನ್ನು ತಂಪು ಪಾನೀಯದ ಬಾಟಲಿಗೆ ಸುರಿದು ಪಡಸಾಲೆಯ ಮೂಲೆಗೆ ಇಡುವ ಚಾಳಿ ಬಿಡಬೇಕು. ಕೂಸಿಗೆ ಬಾಟಲಿ ಗೊತ್ತು, ವಿಷ ಗೊತ್ತಿಲ್ಲ. ಕುಡಿದೇಬಿಟ್ಟರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಾರದು; ಎಣ್ಣೆಯ ಡಬ್ಬಿ ಕೈಯಲ್ಲಿ ಹಿಡಿದು ಡಾಕ್ಟರ ಕಡೆ ಓಡಬೇಕು, ಯಾವ ವಿಷವೆಂದು ಅವರಿಗೆ ತಿಳಿಯುತ್ತದೆ.

ಬೇಸಿಗೆ ಬಂತೆಂದರೆ ಬೋರಿನ ಗಾಡಿಗಳು ಮತ್ತೆ ಊರೂರು ತಿರುಗುತ್ತವೆ. ಅದಕ್ಕೆ ಮೊದಲು ಕಲ್ಲೋಳಿ ಪಟ್ಟಣ ಪಂಚಾಯಿತಿ ಹಾಗೂ ಸುತ್ತಲಿನ ಗ್ರಾಮ ಪಂಚಾಯಿತಿಗಳು ತಮ್ಮ ಹದ್ದಿನ ಕೆಟ್ಟ ಬೋರುಗಳನ್ನು ಎಣಿಸಿ, ಪಟ್ಟಿಯನ್ನು ಚಾವಡಿಯ ಗೋಡೆಗೆ ಹಚ್ಚಲಿ. ಯಾವ ಹೊಲ, ಮುಚ್ಚಿದೆಯೋ ಇಲ್ಲವೋ, ನೋಡಿ ಬಂದವರ ಸಹಿ. ಕಬ್ಬಿಣದ ಮುಚ್ಚಳವನ್ನು ವೆಲ್ಡಿಂಗಿನವ ಅರ್ಧ ತಾಸಿನಲ್ಲಿ ಬೆಸೆದು ಕೊಡುತ್ತಾನೆ.