ರೊಟ್ಟಿಯ ಮನೆಗೆ ಹೋದ ಯಾತ್ರಿಕ

ತೀರ್ಥಯಾತ್ರೆಯಿಂದ ಹಿಂದಿರುಗಿದವರನ್ನು ಕಂಡಾಗ 'ಏನೇನು ನೋಡಿದಿರಿ?' ಎಂದು ಕೇಳುವುದು ನಮ್ಮ ವಾಡಿಕೆ. ಕಾಶಿಗೆ ಹೋದವರಾಗಲಿ, ಮಕ್ಕಾಕ್ಕೆ ಹೋದವರಾಗಲಿ, ಜೆರೂಸಲೇಮಿಗೆ ಹೋದವರಾಗಲಿ, ಎಲ್ಲರಿಗೂ ಇದೊಂದೇ ಪ್ರಶ್ನೆ. ಅಲ್ಲಿಯ ಜನ ಹೇಗೆ ಬದುಕುತ್ತಾರೆ, ಏನನ್ನು ಉಣ್ಣುತ್ತಾರೆ, ಬಂದವರನ್ನು ಹೇಗೆ ಕಾಣುತ್ತಾರೆ ಎಂದು ಕೇಳುವವರು ವಿರಳ. ಈ ಎರಡನೆಯ ಪ್ರಶ್ನೆಯೇ ದೊಡ್ಡದೆಂದು ನನಗೆ ಮನವರಿಕೆಯಾದದ್ದು ಮುದಗಲ್ಲಿನ ಹಿರಿಯ ಮಿತ್ರರೊಬ್ಬರಿಂದ.

ಮುದಗಲ್ಲು ನಮ್ಮ ಲಿಂಗಸುಗೂರು ತಾಲೂಕಿನ ಊರು. ಅದರ ಕೋಟೆಯನ್ನೂ ಮೊಹರಮ್ಮನ್ನೂ ಅರಿಯದವರು ಈ ಸೀಮೆಯಲ್ಲಿಲ್ಲ. ಆದರೆ ಕನ್ನಡ ನಾಡಿನ ಅತಿ ಹಳೆಯ ಕ್ರೈಸ್ತ ನೆಲೆಗಳಲ್ಲೊಂದು ಅಲ್ಲಿದೆಯೆಂಬುದು ಹಲವರಿಗೆ ತಿಳಿಯದು. ಯೇಸುಸಭೆಯ ಪಾದ್ರಿಗಳು ಕಟ್ಟಿಸಿದ ಅಲ್ಲಿಯ ಚರ್ಚು 1557ಕ್ಕಿಂತ ಹಿಂದಿನದೆಂದು ಹಳೆಯ ಗ್ಯಾಸೆಟಿಯರು ಹೇಳುತ್ತದೆ. ಅಂದರೆ 1565ರ ರಕ್ಕಸತಂಗಡಿಯ ಯುದ್ಧಕ್ಕೂ ಮೊದಲಿನ ಮಾತು. ಕೃಷ್ಣಾ ತುಂಗಭದ್ರೆಗಳ ನಡುವಣ ಈ ನೆಲಕ್ಕಾಗಿ ಕಾದಾಡಿದ ವಿಜಯನಗರವೂ ಅಳಿಯಿತು, ವಿಜಾಪುರವೂ ಅಳಿಯಿತು. ಕೋಟೆಯ ನೆರಳಿನಲ್ಲಿ ನೆಲೆಸಿದ ಆ ಸಣ್ಣ ಸಮುದಾಯ ಉಳಿಯಿತು.

ನನ್ನ ಮಿತ್ರರು ಆ ಸಮುದಾಯದವರು, ನಿವೃತ್ತ ಶಿಕ್ಷಕರು. ಊರಿಗೆಲ್ಲ ಅವರು ಮಾಸ್ತರರು. ವರ್ಷಗಟ್ಟಲೆ ಕೂಡಿಟ್ಟ ಹಣದಿಂದ 2018ರಲ್ಲಿ ಪುಣ್ಯಭೂಮಿಯ ಯಾತ್ರೆ ಮುಗಿಸಿ ಬಂದರು. ರೂಢಿಯಂತೆ ನಾನೂ 'ಏನೇನು ನೋಡಿದಿರಿ?' ಎಂದೆ. ಅವರು ಬೇತ್ಲೆಹೇಮಿನಲ್ಲಿ ಕಳೆದ ಒಂದು ದಿನವನ್ನಷ್ಟೇ ಹೇಳಿದರು.

ಜೆರೂಸಲೇಮಿನಿಂದ ಬೇತ್ಲೆಹೇಮಿಗೆ ದೂರ ಸುಮಾರು ಹತ್ತು ಕಿಲೋಮೀಟರು. ನಡುವೆ ಇಸ್ರೇಲು 2002ರಿಂದೀಚೆಗೆ ಕಟ್ಟಿದ ಎತ್ತರದ ಗೋಡೆ; ಅದರಲ್ಲಿ ಸೈನಿಕರು ಕಾಯುವ ದಾರಿ. ಅದನ್ನು ದಾಟಿದರೆ ಯೇಸುವಿನ ಜನ್ಮಸ್ಥಳದ ದೇವಾಲಯ. ಅದರ ಬಾಗಿಲು ನಾಲ್ಕು ಅಡಿಯಷ್ಟೇ ಎತ್ತರ. ಅರಸನಾದರೂ ಬಾಗದೆ ಒಳಹೋಗುವಂತಿಲ್ಲ. ಒಳಗೆ, ನೆಲದಡಿಯ ಗುಹೆಯಲ್ಲಿ, ಜನನವಾದ ಸ್ಥಳವೆಂದು ಬೆಳ್ಳಿಯ ನಕ್ಷತ್ರವೊಂದನ್ನು ಕೂರಿಸಿದ್ದಾರೆ. ಹಿಂದಿನ ಸಾಲು ನೂಕುತ್ತಿದ್ದುದರಿಂದ ಮಾಸ್ತರರಿಗೆ ಅದರ ಮುಂದೆ ಮೊಣಕಾಲೂರಲು ದೊರೆತದ್ದು ಒಂದು ನಿಮಿಷ.

ಹೊರಬಂದಮೇಲೆ ಸಂಗಡಿಗರು ಆಲಿವ್ ಮರದ ಗೊಂಬೆಗಳನ್ನು ಕೊಳ್ಳಲು ಅಂಗಡಿಗೆ ಹೋದರು. ಮಾಸ್ತರರು ಕಾಲುನೋವೆಂದು ಪಕ್ಕದ ಓಣಿಯಲ್ಲಿ, ರೊಟ್ಟಿ ಸುಡುವವನೊಬ್ಬನ ಕಟ್ಟೆಯ ಮೇಲೆ ಕುಳಿತರು. ಆ ಮುದುಕ ಒಲೆಯಿಂದ ತೆಗೆದ ಬಿಸಿ ರೊಟ್ಟಿಯನ್ನು ಎರಡಾಗಿ ಮುರಿದು ಒಂದು ಪಾಲನ್ನು ಇವರ ಕೈಗಿತ್ತ. ಹಣ ಕೊಡಹೋದರೆ ಎದೆಯ ಮೇಲೆ ಕೈಯಿಟ್ಟು ಬೇಡವೆಂದ. ಇವನ ಭಾಷೆ ಅವನಿಗೆ ಬಾರದು, ಅವನ ಭಾಷೆ ಇವರಿಗೆ ಬಾರದು. 'ಬೇತ್ಲೆಹೇಮ್ ಎಂದರೆ ಹೀಬ್ರೂ ಭಾಷೆಯಲ್ಲಿ ರೊಟ್ಟಿಯ ಮನೆ ಎಂದು ಮೂವತ್ತು ವರ್ಷ ಮಕ್ಕಳಿಗೆ ಹೇಳಿದ್ದೆ. ಅದರ ಅರ್ಥ ತಿಳಿದದ್ದು ಅಂದು' ಎಂದರು ಮಾಸ್ತರರು.

ದೇವರ ದರ್ಶನಕ್ಕೆ ಹೋದವನು ರೊಟ್ಟಿಯ ಅಂಗಡಿಯನ್ನು ನೆನೆಯುವುದೆಂದರೇನು ಎಂದು ಆಕ್ಷೇಪಿಸುವವರು ಇದ್ದಾರೆ. ಅವರಿಗೆ ಉತ್ತರ ಆ ಗ್ರಂಥದಲ್ಲಿಯೇ ಇದೆ. ರೂತಳ ಕಥೆ ನಡೆದದ್ದು ಇದೇ ಬೇತ್ಲೆಹೇಮಿನ ಹೊಲಗಳಲ್ಲಿ. ಮೋವಾಬ್ ದೇಶದ ಆ ವಿಧವೆ ಅತ್ತೆಯೊಡನೆ ಬರಿಗೈಯಲ್ಲಿ ಬಂದು, ಕೊಯ್ಲುಗಾರರ ಹಿಂದೆ ಬಿದ್ದ ತೆನೆಗಳನ್ನು ಆಯ್ದು ಹೊಟ್ಟೆ ಹೊರೆದಳು. ಹೊಲವನ್ನು ಅಂಚಿನವರೆಗೂ ಕೊಯ್ಯದೆ, ಬಿದ್ದುದನ್ನು ಆಯದೆ, ಬಡವರಿಗೂ ಪರದೇಶದವರಿಗೂ ಬಿಡಬೇಕೆಂಬುದು ಅಲ್ಲಿಯ ಧರ್ಮಶಾಸ್ತ್ರದ ವಿಧಿ. ಆ ಪರದೇಶದ ಹೆಣ್ಣಿನ ವಂಶದಲ್ಲಿಯೇ ದಾವೀದ ಹುಟ್ಟಿದ. ಹೀಗಿರುವಾಗ ಪರದೇಶಿಯಾಗಿ ಹೋದ ಮಾಸ್ತರರ ಕೈಗೆ ಬಂದ ಆ ಅರ್ಧ ರೊಟ್ಟಿ ಬೆಳ್ಳಿಯ ನಕ್ಷತ್ರಕ್ಕಿಂತ ಕಡಿಮೆಯ ದರ್ಶನವೆಂದು ನಾನು ಹೇಳಲಾರೆ.

ರೂತಳ ಕೆಲಸಕ್ಕೆ ಕನ್ನಡ ಬೈಬಲ್ಲು ಬಳಸುವ ಮಾತು 'ಹಕ್ಕಲಾಯುವುದು'. 1810ರಲ್ಲಿ ನೆರೆಯ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್ ಮೊದಲಾದವರು ಆ ಗ್ರಂಥವನ್ನು ಕನ್ನಡಿಸತೊಡಗಿದಾಗ ಕಣ, ಹೊಟ್ಟು, ನೊಗ, ಕುರಿಹಟ್ಟಿ ಮುಂತಾದ ಮಾತುಗಳನ್ನು ಹೊಸದಾಗಿ ಕಟ್ಟಬೇಕಾಗಿರಲಿಲ್ಲ. ಅವು ನಮ್ಮ ಎರೆನೆಲದ ಒಕ್ಕಲಿಗನ ಬಾಯಲ್ಲಿ ಸಿದ್ಧವಾಗಿದ್ದವು. ಆದರೆ ಮೊನ್ನೆ ತರಗತಿಯಲ್ಲಿ 'ಹಕ್ಕಲು' ಎಂದಾಗ, ಒಕ್ಕಲುಮಕ್ಕಳೇ ತುಂಬಿದ್ದ ಆ ಕೋಣೆಯಲ್ಲಿ ಅರ್ಥ ಹೇಳಬಲ್ಲವರು ಒಬ್ಬರೂ ಇರಲಿಲ್ಲ. ಸಿಂಧನೂರಿನ ಕಾಲುವೆಯ ಕೆಳಗಿನ ಭತ್ತವನ್ನು ಈಗ ಯಂತ್ರ ಕೊಯ್ಯುತ್ತದೆ. ಯಂತ್ರವನ್ನು ನಾನು ಹಳಿಯುತ್ತಿಲ್ಲ. ಅದು ಬಗ್ಗಿದ ಬೆನ್ನುಗಳಿಗೆ ಬಿಡುವು ಕೊಟ್ಟಿದೆ. ಆದರೆ ಬಡವಿಗಾಗಿ ತೆನೆ ಬಿಡುವ ರೂಢಿ ಹೋದಮೇಲೆ ಆ ಮಾತಿಗೆ ನಿಲ್ಲಲು ನೆಲವೆಲ್ಲಿ? ಮಾತು ಸತ್ತರೆ ರೂತಳ ಕಥೆಯೂ ನಮಗೆ ಪರದೇಶದ ಕಥೆಯಾಗುತ್ತದೆ. ಗ್ರಂಥಕ್ಕೆ ಜೀವ ಕೊಡುವುದು ಜನರ ನಿತ್ಯಜೀವನ.

2023ರ ಅಕ್ಟೋಬರಿನಲ್ಲಿ ಗಾಜಾದ ಯುದ್ಧ ಆರಂಭವಾಯಿತು. ಆ ವರ್ಷವೂ ಮರುವರ್ಷವೂ ಬೇತ್ಲೆಹೇಮಿನಲ್ಲಿ ಕ್ರಿಸ್ಮಸ್ಸಿನ ಸಂಭ್ರಮವನ್ನು ಕೈಬಿಟ್ಟರು, ಯಾತ್ರಿಕರು ಬರಲಿಲ್ಲ. ಯಾತ್ರಿಕರು ಬರದಿದ್ದರೆ ಕಲ್ಲಿನ ದೇವಾಲಯಕ್ಕೆ ನಷ್ಟವಿಲ್ಲ. ಗೊಂಬೆ ಕೆತ್ತುವವನ, ರೊಟ್ಟಿ ಮಾರುವವನ ಮನೆಯ ಒಲೆ ಆರುತ್ತದೆ. ಪತ್ರಿಕೆಯನ್ನು ಕೆಳಗಿಟ್ಟು ಮಾಸ್ತರರು ಅಂದು ಕೇಳಿದ್ದು ದೇವಾಲಯದ ಮಾತಲ್ಲ. 'ಆ ಮುದುಕ ಏನಾದನೋ?' ಎಂದರು. ಸ್ಥಳವನ್ನು ಮಾತ್ರ ನೋಡಿ ಬಂದವರಿಗೆ ಈ ಚಿಂತೆ ಹುಟ್ಟುವಂತಿಲ್ಲ.

ಆದುದರಿಂದ ಯಾತ್ರೆಗೆ ಹೋಗುವವರಲ್ಲಿ, ಕರೆದೊಯ್ಯುವವರಲ್ಲಿ, ನನ್ನದೊಂದು ವಿನಂತಿ. ಒಂದು ದಿನದಲ್ಲಿ ಎಂಟು ಸ್ಥಳ ತೋರಿಸುವ ಆತುರ ಬೇಡ. ನಾಲ್ಕನ್ನು ತೋರಿಸಿ, ಉಳಿದ ಹೊತ್ತನ್ನು ಊರಿನ ಓಣಿಗಳಿಗೆ ಬಿಡಿ. ಮುದಗಲ್ಲಿಗೆ ಬರುವವರಿಗೂ ಇದೇ ಮಾತು: ಕೋಟೆಯ ಬಾಗಿಲಲ್ಲಿ ಚಿತ್ರ ತೆಗೆದು, ಹಳೆಯ ಚರ್ಚಿಗೆ ಕೈಮುಗಿದು, ಗಂಟೆಯೊಳಗೆ ಬಸ್ಸು ಹತ್ತಬೇಡಿ. ನಮ್ಮಲ್ಲಿಯೂ ರೊಟ್ಟಿಯ ಮನೆಗಳಿವೆ. ಜೋಳದ ರೊಟ್ಟಿ ಬಡಿಯುವ ಸದ್ದು ಕೇಳಿದ ಕಡೆ ಒಂದಿಷ್ಟು ಹೊತ್ತು ಕುಳಿತುಕೊಳ್ಳಿ. ಬಂದವರಿಗಾಗಿ ಒಂದು ಪಾಲು ಎತ್ತಿಡುವುದನ್ನು ಈ ನೆಲ ಇನ್ನೂ ಪೂರ್ತಿ ಮರೆತಿಲ್ಲ. ಮರೆಯದಂತೆ ನೋಡಿಕೊಳ್ಳುವುದು ನಮ್ಮ ಹೊಣೆ.