ಕೆಂಪು ಗೋಬಿ ಮತ್ತು ತಪಾಸಣೆಯ ಪಾಠ



‘ಊಟ ಬಲ್ಲವನಿಗೆ ರೋಗವಿಲ್ಲ’ ಎಂದರು ಹಿರಿಯರು. ಆದರೆ ತಟ್ಟೆಯಲ್ಲಿರುವುದು ಏನೆಂದೇ ತಿಳಿಯದಿದ್ದರೆ ಊಟ ಬಲ್ಲವನಾದರೂ ಏನು ಮಾಡಿಯಾನು?

2024ರ ಮಾರ್ಚ್ 11ರಂದು ನಮ್ಮ ರಾಜ್ಯದ ಆರೋಗ್ಯ ಸಚಿವರು ಪ್ರಕಟಿಸಿದ ಅಂಕಿಗಳನ್ನು ನೆನಪಿಸಿಕೊಳ್ಳಿ. ಪರೀಕ್ಷಿಸಿದ 171 ಗೋಬಿ ಮಂಚೂರಿ ಮಾದರಿಗಳಲ್ಲಿ 107 ಅಸುರಕ್ಷಿತ. ಮಕ್ಕಳು ಜಾತ್ರೆಯಲ್ಲಿ ಹಟ ಹಿಡಿದು ಕೊಡಿಸಿಕೊಳ್ಳುವ ಬೊಂಬಾಯಿ ಮಿಠಾಯಿಯ 25 ಮಾದರಿಗಳಲ್ಲಿ 15 ಅಸುರಕ್ಷಿತ. ಮಿಠಾಯಿಯಲ್ಲಿ ಸಿಕ್ಕ ಬಣ್ಣಗಳಲ್ಲಿ ರೋಡಮಿನ್-ಬಿ ಒಂದು. ಅದು ಬಟ್ಟೆಗೆ ಹಾಕುವ ಬಣ್ಣ. ಸರ್ಕಾರ ಅಂದೇ ನಿಷೇಧ ಘೋಷಿಸಿತು. ಜೂನ್‌ನಲ್ಲಿ ಕಬಾಬಿನ ಬಣ್ಣಕ್ಕೂ ನಿಷೇಧ ಬಂದಿತು. 2025ರಲ್ಲಿ ಇಡ್ಲಿಯ ಸರದಿ: 251 ಕಡೆ ಪರಿಶೀಲಿಸಿದಾಗ 52 ಕಡೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆಯ ಮೇಲೆ ಇಡ್ಲಿ ಬೇಯುತ್ತಿತ್ತು.

ಈ ಕ್ರಮಗಳನ್ನು ಸ್ವಾಗತಿಸುತ್ತೇನೆ. ಆದರೆ ನನ್ನ ಅಭಿಪ್ರಾಯದಲ್ಲಿ ನಿಷೇಧ ಬೇರೆ, ತಪಾಸಣೆ ಬೇರೆ. ಶಾಲೆಗೆ ಇನ್ಸ್‌ಪೆಕ್ಟರು ಬರುವ ದಿನ ಗೋಡೆಗೆ ಸುಣ್ಣ, ಮಕ್ಕಳಿಗೆ ಒಗೆದ ಸಮವಸ್ತ್ರ, ಕರಿಹಲಗೆಗೆ ಹೊಸ ಮಸಿ ಬರುತ್ತಿದ್ದುದನ್ನು ನೀವೆಲ್ಲ ಕಂಡವರೇ. ಮರುದಿನದಿಂದ ಹಳೆಯ ಹಾಡು! ಮಗುವಿನ ಕಲಿಕೆ ತಿಳಿಯುವುದು ತಿಂಗಳ ಕಿರುಪರೀಕ್ಷೆಗಳಿಂದಲೇ ಹೊರತು ಆ ಒಂದು ದಿನದ ಸಡಗರದಿಂದಲ್ಲ. ಆಹಾರದ ವಿಷಯವೂ ಹಾಗೆಯೇ.

ಕಾನೂನಿಗೇನೂ ಕೊರತೆಯಿಲ್ಲ. 1954ರ ಕಲಬೆರಕೆ ತಡೆ ಕಾಯ್ದೆಯ ಸ್ಥಾನದಲ್ಲಿ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯು 2011ರಿಂದ ಜಾರಿಯಲ್ಲಿದೆ. ಮಾದರಿ ಕೈಸೇರಿದ 14 ದಿನಗಳೊಳಗೆ ವಿಶ್ಲೇಷಕರು ವರದಿ ನೀಡಬೇಕೆಂದು ಅದು ವಿಧಿಸುತ್ತದೆ. ಆ ವರದಿ ಕಡತದಲ್ಲಿ ಮಲಗಬಾರದು. ಪರೀಕ್ಷೆಯ ಫಲಿತಾಂಶವನ್ನು ಶಾಲೆಯ ಸೂಚನಾಫಲಕದಲ್ಲಿ ಅಂಟಿಸುವಂತೆ, ಪುರಸಭೆಯ, ಗ್ರಾಮ ಪಂಚಾಯಿತಿಯ ಫಲಕದಲ್ಲಿ ಅದನ್ನು ಪ್ರಕಟಿಸಬೇಕು. ತಪ್ಪಿದವರ ಹೆಸರಿನಂತೆಯೇ ಶುಚಿಯಾಗಿ ನಡೆಸುವವರ ಹೆಸರೂ ಅಲ್ಲಿರಲಿ.

ಇನ್ನೊಂದು ಮಾತು. ತಳ್ಳುಗಾಡಿಯವನಿಗೆ ದಂಡ ಹಾಕುವುದು ಸುಲಭ. ಅವನು ಬಣ್ಣವನ್ನು ತಾನೇ ತಯಾರಿಸಲಿಲ್ಲ. ಯಾವುದೋ ಅಂಗಡಿಯಿಂದ ಪೊಟ್ಟಣ ಕೊಂಡು ತಂದ. ತಪಾಸಣೆ ಆ ಅಂಗಡಿಯ ಬಾಗಿಲಿಗೂ, ಅದರ ಹಿಂದಿನ ಗೋದಾಮಿಗೂ ಹೋಗಬೇಕು. ಬೇರಿಗೆ ಕೈಹಾಕದೆ ಎಲೆ ಕಿತ್ತರೆ ಕಳೆ ಹೋದೀತೇ?

ನಮ್ಮ ಪಾಲೂ ಇದೆ. ಕೆಂಪಗಿದ್ದರೇ ರುಚಿ ಎಂದು ಕೇಳಿ ಪಡೆಯುವವರು ನಾವೇ ಅಲ್ಲವೇ? ಬಣ್ಣವಿಲ್ಲದ್ದನ್ನು ಕೇಳಿ ಕೊಳ್ಳುವುದು ಮೊದಲ ಹೆಜ್ಜೆ. ಅನುಮಾನ ಬಂದರೆ, ಕೊಳ್ಳುವಾಗಲೇ ಮಾರುವವರಿಗೆ ತಿಳಿಸಿ, ನಿಗದಿತ ಶುಲ್ಕ ತೆತ್ತು ಅದನ್ನು ವಿಶ್ಲೇಷಕರಿಂದ ಪರೀಕ್ಷೆ ಮಾಡಿಸುವ ಹಕ್ಕನ್ನು ಇದೇ ಕಾಯ್ದೆಯ 40ನೆಯ ಕಲಮು ಸಾಮಾನ್ಯ ಗ್ರಾಹಕನಿಗೂ ಕೊಟ್ಟಿದೆ.

ನನ್ನ ಶಿಷ್ಯರಲ್ಲಿ ಹೋಟೆಲು ನಡೆಸುವವರಿದ್ದೀರಿ, ಅಧಿಕಾರಿಗಳಾದವರಿದ್ದೀರಿ, ಈಗ ತಂದೆತಾಯಿಯರೂ ಆಗಿದ್ದೀರಿ. ಈ ಮೂವರೂ ತಮ್ಮ ತಮ್ಮ ಪಾಠವನ್ನು ಒಪ್ಪಿಸಿದರೆ ಸಾಕು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಪ್ರಸಂಗ ಬಾರದು.