ಮುಷ್ಟಿ ನಿಮ್ಮದು, ಕರಾರು ಯಾರದು?

ಕನ್ನಡದ ತರುಣರೇ,

ಯುಎಫ್‌ಸಿ ಕಾಳಗ ನೋಡಿ ಮಿಕ್ಸ್‌ಡ್ ಮಾರ್ಷಲ್ ಆರ್ಟ್ಸ್ ಕಲಿಯಲು ಜಿಮ್ಮಿಗೆ ಓಡುತ್ತಿದ್ದೀರಿ. ಓಡಿ, ಬೇಡವೆನ್ನುವುದಿಲ್ಲ. ಆದರೆ ಪಂಜರದೊಳಗೆ ಕಾಲಿಡುವ ಮುನ್ನ ಒಂದೇ ಪ್ರಶ್ನೆ: ನಿಮ್ಮ ಕರಾರನ್ನು ಓದುವವರು ಯಾರು?

ಕ್ಯಾಮರೂನಿನ ಫ್ರಾನ್ಸಿಸ್ ಎನ್‌ಗಾನು ಬಾಲ್ಯದಲ್ಲಿ ಮರಳು ಕ್ವಾರಿಯಲ್ಲಿ ದುಡಿದವನು. 2021ರಲ್ಲಿ ಯುಎಫ್‌ಸಿ ಹೆವಿವೇಟ್ ಚಾಂಪಿಯನ್ ಆದ. ಹೊಸ ಕರಾರಿಗೆ ಸಹಿ ಹಾಕೆಂದರೆ ಹಾಕಲಿಲ್ಲ. ಆರೋಗ್ಯ ವಿಮೆ ಕೇಳಿದ, ಬಾಕ್ಸಿಂಗ್ ಆಡುವ ಸ್ವಾತಂತ್ರ್ಯ ಕೇಳಿದ. 2023ರ ಜನವರಿಯಲ್ಲಿ ಪಟ್ಟ ಹೋದರೂ ಸರಿಯೆಂದು ಹೊರಬಂದ. ಮೇ ತಿಂಗಳಲ್ಲಿ ಪಿಎಫ್‌ಎಲ್ ಜೊತೆ ಬಾಕ್ಸಿಂಗಿಗೆ ಅಡ್ಡಿಯಿಲ್ಲದ ಕರಾರು! ಅಕ್ಟೋಬರಿನಲ್ಲಿ ರಿಯಾದ್‌ನಲ್ಲಿ ಟೈಸನ್ ಫ್ಯೂರಿಯ ಎದುರು ನಿಂತ. ಇದು ಬರೀ ತೋಳ್ಬಲವೇ? ಅಲ್ಲ. ಕರಾರಿನ ಸಾಲುಸಾಲು ಬಲ್ಲ ಜಾಣ್ಮೆಯೂ ಬೆನ್ನಿಗಿತ್ತು.

ಮ್ಯಾನೇಜರಿಗೆ ಕೊಡುವ ಕಮಿಷನ್ ದಂಡವೆನ್ನಬೇಡಿ. ತಕ್ಕ ಪಂದ್ಯ ಆರಿಸುವುದು, ಪ್ರಾಯೋಜಕರನ್ನು ತರುವುದು, ಗಾಯವಾದರೆ ಖರ್ಚು ಯಾರದೆಂದು ಮೊದಲೇ ಬರೆಸುವುದು ಅವನ ಕೆಲಸ. ಆದರೆ ಎಚ್ಚರ! ಪಂದ್ಯ ನಡೆಸುವವನೇ ನಿಮ್ಮ ಮ್ಯಾನೇಜರ್ ಆದರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ. ಇದನ್ನು ತಡೆಯಲೆಂದೇ ಅಮೆರಿಕ 2000ದಲ್ಲಿ ಮಹಮ್ಮದ್ ಅಲಿ ಹೆಸರಿನ ಕಾಯ್ದೆ ತಂದಿತು. ಅದು ಬಾಕ್ಸರುಗಳಿಗೆ ಮಾತ್ರ. ಮಿಕ್ಸ್‌ಡ್ ಮಾರ್ಷಲ್ ಆರ್ಟ್ಸ್‌ನವರು 2014ರಲ್ಲಿ ಯುಎಫ್‌ಸಿ ಮೇಲೆ ಕೋರ್ಟಿಗೇ ಹೋಗಬೇಕಾಯಿತು, 37.5 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಿಗೆ ಸಿಕ್ಕಿದ್ದು 2025ರಲ್ಲಿ.

ಹಾಗಾಗಿ ಇಂಗ್ಲಿಷ್ ಕಾಗದ ಮುಂದಿಟ್ಟರೆ ನಾಚಿಕೆಯಿಂದ ತಲೆಯಾಡಿಸಬೇಡಿ. ‘ಕನ್ನಡದಲ್ಲಿ ಬರೆದುಕೊಡಿ’ ಎಂದು ಎದೆಯೆತ್ತಿ ಕೇಳಿ. ಬಲ್ಲವರಿಗೆ ತೋರಿಸಿ, ಆಮೇಲೆ ಸಹಿ ಹಾಕಿ. ಅರ್ಥವಾಗದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದವನು ಗೆದ್ದರೂ ಸೋತ ಪೈಲ್ವಾನನೇ!